ಎರೆಹೊಲದ ಹತ್ತಿ, ನಡುಗಡಲ ಹಾಯಿ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲದಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣೇ ಮಣ್ಣು. ಇಲ್ಲಿಯ ಮಕ್ಕಳಿಗೆ ಸಮುದ್ರವೆಂದರೆ ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ನೀಲಿ ಬಣ್ಣ. ಇಲ್ಲವೆ ಗೋಕರ್ಣದ ಯಾತ್ರೆಗೆ ಹೋದಾಗ ಮೊಣಕಾಲ ಮಟ್ಟ ಇಳಿದು, ತೆರೆ ಬಂದೊಡನೆ ಅವ್ವನ ಸೆರಗು ಹಿಡಿದು ಹಿಂದಕ್ಕೆ ಓಡಿಬಂದ ನೆನಪು.

ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಹೊಲಗಳ ದೇಶಿ ಹತ್ತಿಗೆ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ಇದ್ದ ಹೆಸರು ‘ಕುಮಟಾ’. ಕುಮಟಾ ಇರುವುದು ಉತ್ತರ ಕನ್ನಡದ ಕಡಲ ದಂಡೆಯಲ್ಲಿ. ಅಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುತ್ತದೆ, ಮೀನು ಸಿಗುತ್ತದೆ. ಎರೆ ಭೂಮಿಯ ಹತ್ತಿ ಮಾತ್ರ ಅಲ್ಲಿಯದಲ್ಲ. ಬೆಳೆದವನ ಊರಿನ ಹೆಸರು ಬಿಟ್ಟು, ಹಡಗು ಏರಿದ ಊರಿನ ಹೆಸರೇ ಮಾಲಿಗೆ ಅಂಟಿಕೊಂಡಿತು. ಎರೆಯ ಹತ್ತಿ ಹಾಯಿ ಏರಿ ಕಡಲು ಕಂಡಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಹೊಲದಿಂದ ಬಂದರಿಗೆ ಹೋಗುವ ದಾರಿ ಸುಲಭದ್ದಾಗಿರಲಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಅರಳೆ ಮೊದಲು ಹುಬ್ಬಳ್ಳಿ ಸೇರಬೇಕು. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕಲಘಟಗಿ ದಾಟುವಷ್ಟರಲ್ಲಿ ಎರೆ ಮುಗಿದು ಕಾಡು ಶುರುವಾಗುತ್ತದೆ. ಮುಂದೆ ಯಲ್ಲಾಪುರ, ಅರಬೈಲು ಘಟ್ಟ. ಇನ್ನೊಂದು ದಾರಿ ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು ನೇರ ಕುಮಟಾಕ್ಕೆ. ರಸ್ತೆಯಾಗುವ ಮುನ್ನ ಹೇರಿನ ಎತ್ತುಗಳ ಸಾಲು, ಆಮೇಲೆ ಚಕ್ಕಡಿಗಳ ಸಾಲು. ರಸ್ತೆಯ ಕೆಲಸ ತಡವಾಗಲು ಆಡಳಿತದ ತೊಡಕೂ ಒಂದು ಕಾರಣ: ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಕುಮಟಾ ಮದ್ರಾಸ್ ಪ್ರಾಂತದಲ್ಲಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಬ್ರಿಟಿಷರ ಕಣ್ಣು ಈ ಕಡೆ ಇನ್ನಷ್ಟು ಹೊರಳಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಯುದ್ಧ ನಡೆದ ನಾಲ್ಕು ವರ್ಷ ಹತ್ತಿಯ ಬೆಲೆ ಆಕಾಶಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕೆಳಗಿಳಿಯಿತು. ದೂರದ ದೇಶದ ಯುದ್ಧ ತನ್ನ ಚಕ್ಕಡಿಯ ಭಾರವನ್ನು ಬೆಳ್ಳಿಯನ್ನಾಗಿಸಿ, ಮತ್ತೆ ಅರಳೆಯನ್ನಾಗಿಸಿದ್ದು ಹೇಗೆಂದು ಅಂದಿನ ಒಕ್ಕಲಿಗನಿಗೆ ಯಾರೂ ತಿಳಿಸಿ ಹೇಳಿರಲಿಕ್ಕಿಲ್ಲ.

ಕುಮಟಾದಲ್ಲಿ ಆ ಅರಳೆಗೆ ಕಾದಿದ್ದದ್ದು ಪತ್ತೇಮಾರಿ. ಪಶ್ಚಿಮ ಕರಾವಳಿಯ ಸರಕು ಸಾಗಣೆಯನ್ನು ಬೆನ್ನ ಮೇಲೆ ಹೊತ್ತಿದ್ದ ಹಾಯಿಹಡಗು ಅದು. ಎರಡು ಕೂವೆಕಂಬ, ದೊಡ್ಡದಾದರೆ ಮೂರು. ಕಂಬಗಳು ನೆಟ್ಟಗೆ ನಿಲ್ಲದೆ ತುಸು ಮುಂದಕ್ಕೆ ಬಾಗಿರುತ್ತಿದ್ದವು. ಪ್ರತಿ ಕಂಬಕ್ಕೂ ಓರೆಯಾಗಿ ಕಟ್ಟಿದ ಒಂದು ಉದ್ದನೆಯ ಮರ. ಅದರಿಂದ ಇಳಿಬಿದ್ದ ಮುಕ್ಕೋನದಂಥ ಹಾಯಿ. ಆ ಹಾಯಿಯೂ ಹತ್ತಿಯ ಬಟ್ಟೆಯದೇ. ಹತ್ತಿಯನ್ನು ಹತ್ತಿಯೇ ಎಳೆದುಕೊಂಡು ಹೋಗುತ್ತಿತ್ತು ಎಂದರೆ ತಪ್ಪಿಲ್ಲ. ಹಡಗಿನ ಒಡಲಿಗೆ ಪೂರ್ತಿ ಮುಚ್ಚಿದ ಮೇಲ್ಛಾವಣಿ ಇಲ್ಲ. ಹಿಂಭಾಗದಲ್ಲಿ ಚುಕ್ಕಾಣಿ ಹಿಡಿಯುವವನಿಗೆ ಒಂದಿಷ್ಟು ಹಲಗೆಯ ಜಾಗ, ಉಳಿದದ್ದೆಲ್ಲ ಸರಕಿಗೆ. ಅರಳೆ ಹಗುರ, ಆದರೆ ಜಾಗ ತಿನ್ನುವ ಮಾಲು. ಅಂಡಿಗೆಗಳನ್ನು ಒಡಲು ತುಂಬ ಒಟ್ಟಿ, ಅಂಚಿನ ಮೇಲಕ್ಕೂ ಏರಿಸಿ, ತೆರೆಯ ನೀರು ಹಾರದಂತೆ ಬಿದಿರು ಚಾಪೆ ಕಟ್ಟುತ್ತಿದ್ದರು. ಒದ್ದೆಯಾದ ಅರಳೆ ಮುಗ್ಗುಲು ಹಿಡಿದರೆ ವ್ಯಾಪಾರಿಗೆ ನಷ್ಟ, ಹಡಗಿನವನಿಗೆ ಕೆಟ್ಟ ಹೆಸರು.

ಹಾಗಾದರೆ ಆ ಹಡಗಿನ ಮೇಲೆ ಮನುಷ್ಯ ಎಲ್ಲಿರಬೇಕು? ಅಂಡಿಗೆಗಳ ಮೇಲೆ! ಹಡಗಿನ ಯಜಮಾನಿಕೆ ತಾಂಡೇಲನದು. ಅವನ ಕೈಕೆಳಗೆ ಹಾಯಿ ಏರಿಸಲು, ಇಳಿಸಲು, ಹಗ್ಗ ಎಳೆಯಲು ಖಲಾಸಿಗಳು. ಅಡುಗೆಗೆ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕ ಹುಡುಗ. ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ, ಒಲೆಯ ಮೇಲೆ ಅನ್ನದ ಗಡಿಗೆ. ಗಂಜಿ, ಒಣಮೀನು, ತೆಂಗಿನಕಾಯಿ, ಹುಣಸೆ, ಮೆಣಸಿನಕಾಯಿ. ಒಂದು ಕಿಡಿ ಹಾರಿದರೆ ಸುತ್ತಲೂ ಒಣ ಅರಳೆ ಇದೆ ಎಂಬ ಎಚ್ಚರದಲ್ಲೇ ಹುಡುಗ ಉರಿ ಮಾಡಬೇಕು. ಸಿಹಿನೀರು ಪೀಪಾಯಿಯಲ್ಲಿ ಇದ್ದಷ್ಟೇ. ಕುಡಿಯಲು, ಬೇಯಿಸಲು ಮಾತ್ರ ಅದು. ಕೈಕಾಲು, ಮೈ, ಪಾತ್ರೆ ಎಲ್ಲಕ್ಕೂ ಉಪ್ಪು ನೀರೇ ಗತಿ. ಪೀಪಾಯಿ ಬರಿದಾದರೆ ಯಾವುದಾದರೂ ಹೊಳೆಯ ಅಳಿವೆಗೆ ಹಡಗು ತಿರುಗಿಸಿ ನೀರು ತುಂಬಿಕೊಳ್ಳಬೇಕು.

ಇಷ್ಟು ನೀರಿನ ನಡುವೆ ಇದ್ದೂ ನೀರಿಗೆ ಬರ ಎಂಬುದನ್ನು ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕಾದೀತು. ಕೆರೆಯ ನೀರು ಹೊತ್ತು ತಂದು, ಒಂದು ಕೊಡವನ್ನು ಮೂರು ಕೆಲಸಕ್ಕೆ ಬಳಸಿ ಗೊತ್ತಿರುವ ಎರೆಸೀಮೆಯ ಹೆಣ್ಣುಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಹಡಗಿನ ಸಂಸಾರ ಮತ್ತು ಬಿರುಬೇಸಿಗೆಯ ಎರೆಹಳ್ಳಿಯ ಸಂಸಾರ, ಎರಡಕ್ಕೂ ನೀರಿನ ಲೆಕ್ಕ ಒಂದೇ.

ಕುಮಟಾದಿಂದ ಮುಂಬಯಿಗೆ ಸಮುದ್ರದ ದಾರಿ ಐನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಗಾಳಿ ಒಲಿದರೆ ಕೆಲವೇ ದಿನ, ಮುನಿದರೆ ವಾರಗಳು. ಮುನಿಯುವುದೇ ಹೆಚ್ಚು. ಏಕೆಂದರೆ ಮಳೆಗಾಲ ಮುಗಿದ ಮೇಲೆ ಈ ಕರಾವಳಿಯಲ್ಲಿ ಹಗಲು ಬೀಸುವ ಗಾಳಿ ಬಹುಪಾಲು ವಾಯವ್ಯದಿಂದ ಬರುತ್ತದೆ. ಉತ್ತರಕ್ಕೆ ಹೋಗಬೇಕಾದ ಹಡಗಿಗೆ ಅದು ಹೆಚ್ಚುಕಡಿಮೆ ಎದುರುಗಾಳಿ. ಎದುರುಗಾಳಿಗೆ ನೇರವಾಗಿ ಹೋಗಬಲ್ಲ ಹಾಯಿ ಜಗತ್ತಿನಲ್ಲಿಲ್ಲ. ಹಾಗಿದ್ದೂ ಪತ್ತೇಮಾರಿಗಳು ಮುಂಬಯಿ ಮುಟ್ಟುತ್ತಿದ್ದದ್ದು ಹೇಗೆ?

ಶಾಲೆಯ ಪುಸ್ತಕದಲ್ಲಿ ‘ನೆಲಗಾಳಿ, ಕಡಲಗಾಳಿ’ ಎಂಬ ಪಾಠವಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ಗಳಿಸುತ್ತಾರೆ. ಪತ್ತೇಮಾರಿಯ ಖಲಾಸಿಗೆ ಅದೇ ಪಾಠ ಹೊಟ್ಟೆಪಾಡು. ಹಗಲು ಬಿಸಿಲಿಗೆ ನೆಲ ಬೇಗ ಕಾಯುತ್ತದೆ; ನೆಲದ ಮೇಲಿನ ಗಾಳಿ ಮೇಲೇರಿ, ಅದರ ಜಾಗಕ್ಕೆ ಕಡಲ ತಂಪುಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ. ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಇಳಿಯುತ್ತದೆ. ತಾಂಡೇಲ ಸರಿರಾತ್ರಿಯ ಮೇಲೆ ಆ ನೆಲಗಾಳಿಯನ್ನು ಹಾಯಿಗೆ ತುಂಬಿಕೊಂಡು ಉತ್ತರಕ್ಕೂ ವಾಯವ್ಯಕ್ಕೂ ನಡುವೆ ಹೊರಟು ದಂಡೆಯಿಂದ ದೂರ ಸರಿಯುತ್ತಾನೆ. ಬೆಳಗಿನ ಹೊತ್ತೇರಿದಂತೆ ಗಾಳಿ ಸತ್ತು ಹಡಗು ಅಲ್ಲೇ ತೂಗಾಡುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದೊಡನೆ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಉತ್ತರಕ್ಕೆ ತುಸು ಪೂರ್ವ ಹಿಡಿದು ಮತ್ತೆ ದಂಡೆಯ ಕಡೆ ಬರುತ್ತಾನೆ. ಸಂಜೆಗೆ ನಿನ್ನೆಯ ಗುಡ್ಡ ಹಿಂದೆ ಬಿದ್ದಿರುತ್ತದೆ. ಹೊಲದಲ್ಲಿ ರಂಟೆ ಹೊಡೆಯುವವನು ಬದುವಿನಿಂದ ಬದುವಿಗೆ ಹೊರಳಿ ಹೊರಳಿ ಹೊಲ ಮುಗಿಸುವಂತೆ, ತಾಂಡೇಲ ಕಡಲನ್ನು ಉತ್ತು ಮುಗಿಸುತ್ತಿದ್ದ.

ಈ ಲೆಕ್ಕದಲ್ಲಿ ನಿದ್ದೆಗೆ ರಾತ್ರಿ ಎಂಬ ಹೊತ್ತಿಲ್ಲ. ಗಾಳಿ ಸತ್ತಾಗ ನಿದ್ದೆ, ಎದ್ದಾಗ ದುಡಿಮೆ. ಸರದಿಯಂತೆ ಒಬ್ಬ ಚುಕ್ಕಾಣಿಯ ಬಳಿ, ಒಬ್ಬ ಮುಂಭಾಗದಲ್ಲಿ ಕಣ್ಣಿಟ್ಟು ಎಚ್ಚರವಿರಲೇಬೇಕು. ದಂಡೆಯ ಗುರುತುಗಳೇ ಅವರ ಭೂಪಟ: ಅಂಜುದೀವು, ಸದಾಶಿವಗಡದ ಗುಡ್ಡ, ಗೋವೆಯ ಅಗ್ವಾದ ಕೋಟೆ, ವೆಂಗುರ್ಲೆಯ ಬಂಡೆಗಳು, ಮಾಲವಣದ ಸಿಂಧುದುರ್ಗ, ರತ್ನಾಗಿರಿ, ಜಂಜೀರಾ. 1867ರಿಂದ ಖಾಂದೇರಿ ದ್ವೀಪದ ಮೇಲೆ ದೀಪಸ್ತಂಭ ಉರಿಯತೊಡಗಿತು. ಅದು ಕಂಡರೆ ಮುಂಬಯಿ ಬಂತೆಂದೇ ಲೆಕ್ಕ. ದಂಡೆ ಕಾಣದಾದಾಗ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳ ಅಳೆಯುವುದು, ಗುಂಡಿನ ತಳಕ್ಕೆ ಅಂಟಿಬಂದ ಮರಳೋ ಕೆಸರೋ ನೋಡಿ ಜಾಗ ಊಹಿಸುವುದು ಹಾಯಿಕಾಲದ ನಾವಿಕರ ಹಳೆಯ ವಿದ್ಯೆ. ಮಣ್ಣು ಮುಟ್ಟಿ ಹೊಲದ ಗುಣ ಹೇಳುವ ರೈತನೂ ಇಂಥದೇ ಪಂಡಿತ.

ಮುಂಬಯಿಯಲ್ಲಿ ಅರಳೆಯನ್ನು ಪ್ರೆಸ್ಸಿನಲ್ಲಿ ಬಿಗಿಯಾಗಿ ಒತ್ತಿ, ದೊಡ್ಡ ಹಡಗಿಗೆ ಏರಿಸುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ ಆ ಹಡಗುಗಳು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತಿಯೇ ಇಂಗ್ಲೆಂಡಿಗೆ ಹೋಗುತ್ತಿದ್ದವು. ಇತ್ತ ಪತ್ತೇಮಾರಿಯ ಖಲಾಸಿ ಮಳೆಗಾಲದ ಮೊದಲು ಊರು ಸೇರಲೇಬೇಕು. ಮೇ ಕೊನೆಗೆ ಕಡಲು ಮುಚ್ಚುತ್ತದೆ. ಹಡಗನ್ನು ದಂಡೆಗೆ ಎಳೆದು ತೆಂಗಿನ ಗರಿ ಹೊದಿಸುತ್ತಾರೆ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಹೊಸ ವರ್ಷದ ಮಾತು. ಕಾರಹುಣ್ಣಿವೆಗೆ ಎತ್ತು ಓಡಿಸುವ ಸೀಮೆಗೂ ನೂಲಹುಣ್ಣಿಮೆಗೆ ಕಡಲು ಪೂಜಿಸುವ ಸೀಮೆಗೂ ಪಂಚಾಂಗ ಬರೆದುಕೊಟ್ಟದ್ದು ಒಂದೇ ಮುಂಗಾರು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಧಾರವಾಡ ಸೀಮೆಗೆ ಬಂತು. ಗೋವೆಯ ಮಾರ್ಮಗೋವಾ ಬಂದರಿಗೆ ಘಟ್ಟ ಇಳಿಯುವ ಹಳಿಯೂ ಕೂಡಿಕೊಂಡಿತು. ಅರಳೆ ರೈಲು ಹತ್ತಿತು. ಕುಮಟಾ ಬಂದರಿನ ಸದ್ದು ಅಡಗಿತು. ಪತ್ತೇಮಾರಿಗಳು ಹೆಂಚು, ಕಟ್ಟಿಗೆ, ಉಪ್ಪು ಸಾಗಿಸುತ್ತ ಮತ್ತಷ್ಟು ಕಾಲ ಬಾಳಿದವು. ಆಮೇಲೆ ಎಂಜಿನ್ನು ಬಂತು, ಲಾರಿ ಬಂತು. ‘ಕುಮಟಾ’ ಎಂಬ ಹೆಸರು ಮಾತ್ರ ಹತ್ತಿಯ ತಳಿಯ ಹೆಸರಾಗಿ ಕೃಷಿ ಪುಸ್ತಕಗಳಲ್ಲಿ ಉಳಿಯಿತು. ಘಟ್ಟದ ಮೇಲಿನವರಿಗೂ ಹಾಯಿಗೂ ಇದ್ದ ನಂಟು ಕಡಿದೇ ಹೋಯಿತು.

ಆ ನಂಟು ಮತ್ತೆ ಕಾಣಿಸಿಕೊಂಡದ್ದು ವಿಚಿತ್ರವಾದ ರೀತಿಯಲ್ಲಿ. ಗೋವೆಯ ದಿವಾರ್ ದ್ವೀಪದಲ್ಲಿ ಭಾರತೀಯ ನೌಕಾಪಡೆಗಾಗಿ 17 ಮೀಟರ್ ಉದ್ದದ ಒಂದು ಹಾಯಿದೋಣಿ ಸಿದ್ಧವಾಗಿ 2009ರಲ್ಲಿ ನೀರಿಗಿಳಿಯಿತು. ಅದಕ್ಕಿಟ್ಟ ಹೆಸರು ‘ಮ್ಹಾದೇಯಿ’. ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುವ ಹೊಳೆಯ ಮೂಲ ಹೆಸರು ಅದು. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಆ ಹೊಳೆ ಕನ್ನಡಿಗರಿಗೆ ಮಹಾದಾಯಿ. ಅದರ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿರೆಂದು 2015ರಿಂದ ನರಗುಂದ, ನವಲಗುಂದದ ರೈತರು ಬೀದಿಗಿಳಿದು ಕೂತರು. 2018ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂದು, ಆ ಎರಡು ಹಳ್ಳಗಳಿಂದ 3.9 ಟಿಎಂಸಿ ನೀರನ್ನು ತಿರುಗಿಸಲು ಒಪ್ಪಿಗೆ ಸಿಕ್ಕಿತು. ಹೀಗೆ ಒಂದೇ ಹೆಸರು ಒಂದೆಡೆ ಕುಡಿಯುವ ನೀರಿನ ಕೂಗಾಯಿತು. ಇನ್ನೊಂದೆಡೆ ಜಗತ್ತು ಸುತ್ತುವ ಹಾಯಿಯಾಯಿತು.

ಆ ದೋಣಿಯಲ್ಲಿ ಕಮಾಂಡರ್ ದಿಲೀಪ್ ದೊಂದೆ 2009ರ ಆಗಸ್ಟ್ 19ರಂದು ಮುಂಬಯಿಯಿಂದ ಒಬ್ಬರೇ ಹೊರಟು, ನಾಲ್ಕು ಬಂದರುಗಳಲ್ಲಿ ಮಾತ್ರ ನಿಂತು, 2010ರ ಮೇ 19ಕ್ಕೆ ಭೂಮಿ ಸುತ್ತಿ ಬಂದರು. ಒಂಟಿಯಾಗಿ ಹಾಯಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ಅವರು. 2012–13ರಲ್ಲಿ ಅಭಿಲಾಷ್ ಟೋಮಿ ಅದೇ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಅದೇ ಮಾದರಿಯ ‘ತಾರಿಣಿ’ 2017ರಲ್ಲಿ ನೌಕಾಪಡೆ ಸೇರಿತು. ಆ ವರ್ಷದ ಸೆಪ್ಟೆಂಬರ್ 10ರಂದು ಆರು ಮಂದಿ ಮಹಿಳಾ ಅಧಿಕಾರಿಗಳು ಗೋವೆಯಿಂದ ಹೊರಟರು. 254 ದಿನಗಳ ಮೇಲೆ, 2018ರ ಮೇ 21ರಂದು, 21,600 ನಾಟಿಕಲ್ ಮೈಲಿ ಕ್ರಮಿಸಿ ಮರಳಿದರು. 2024ರ ಅಕ್ಟೋಬರ್ 2ರಂದು ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಹೊರಟು ಎಂಟು ತಿಂಗಳಲ್ಲಿ ಸುತ್ತಿ ಬಂದರು. ಅವರೆಲ್ಲ ದಾಟಿದ ಗುಡ್‌ಹೋಪ್ ಭೂಶಿರವನ್ನು ನವಲಗುಂದದ ಹತ್ತಿ ನೂರೈವತ್ತು ವರ್ಷ ಮೊದಲೇ ದಾಟಿತ್ತು.

ತಾರಿಣಿಯ ಒಳಗಿನ ಬದುಕು ಪತ್ತೇಮಾರಿಯದಕ್ಕಿಂತ ತೀರ ಬೇರೆಯೇನಲ್ಲ. ಉಪಗ್ರಹ ದಾರಿ ತೋರಿಸುತ್ತದೆ, ಹವಾಮಾನದ ಸುದ್ದಿ ಬರುತ್ತದೆ, ಫೋನೂ ಇದೆ. ಆದರೆ ಹಾಯಿ ಹರಿದರೆ ತಾವೇ ಹೊಲಿಯಬೇಕು, ಯಂತ್ರ ಕೆಟ್ಟರೆ ತಾವೇ ಬಿಚ್ಚಬೇಕು. ಸರದಿಯ ಕಾವಲು ತಪ್ಪಿದ್ದಲ್ಲ. ಇಬ್ಬರೇ ಇದ್ದಾಗ ಒಬ್ಬರು ಮಲಗಿದರೆ ಇನ್ನೊಬ್ಬರು ಕಣ್ಣು ತೆರೆದಿರಬೇಕು. ದೋಣಿ ಓರೆಯಾಗಿ ವಾಲಿಕೊಂಡೇ ಸಾಗುವುದರಿಂದ ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ದೋಣಿ ಎತ್ತ ವಾಲಿದರೂ ಪಾತ್ರೆ ಸಮನಾಗಿರಲೆಂದು. ಬಿರುಗಾಳಿಯಲ್ಲಿ ಮೇಲೆ ಬಂದರೆ ಸೊಂಟಕ್ಕೆ ಹಗ್ಗ ಬಿಗಿದೇ ಬರಬೇಕು. ನೀರಿಗೆ ಬಿದ್ದವರ ಕಡೆಗೆ ಹಾಯಿದೋಣಿಯನ್ನು ತಕ್ಷಣ ತಿರುಗಿಸಲಾಗದು. ಊಟಕ್ಕೆ ಒಣಗಿಸಿ ಕಟ್ಟಿದ ಆಹಾರವೇ ಬಹುಪಾಲು. ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಊರು ಬಿಡುವ ಧಾರವಾಡದ ಮಂದಿಗೆ ಆ ಜಾಣತನ ಹೊಸದಲ್ಲ. 2017ರ ದೀಪಾವಳಿ ಆ ಆರು ಮಂದಿಗೆ ನಡುಗಡಲಲ್ಲೇ ಬಂತು. ಮರಳುವ ದಾರಿಯಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ರಿಪೇರಿ ಮಾಡಿಕೊಂಡರು, ಹೊರಟರು.

ಇಷ್ಟಕ್ಕೂ ಈ ಆರು ಮಂದಿ ಎಲ್ಲಿಯವರು? ನಾಯಕಿ ವರ್ತಿಕಾ ಜೋಶಿ ಮತ್ತು ಪಾಯಲ್ ಗುಪ್ತಾ ಉತ್ತರಾಖಂಡದವರು. ಪ್ರತಿಭಾ ಜಾಮ್ವಾಲ್ ಹಿಮಾಚಲದ ಕುಲ್ಲುವಿನವರು. ವಿಜಯಾದೇವಿ ಮಣಿಪುರದವರು. ಐಶ್ವರ್ಯಾ ಬೊಡ್ಡಪಾಟಿ ಹೈದರಾಬಾದಿನವರು. ಕಡಲ ತಡಿಯಲ್ಲಿ ಬೆಳೆದವರು ವಿಶಾಖಪಟ್ಟಣದ ಪಿ. ಸ್ವಾತಿ ಒಬ್ಬರೇ. ಉಳಿದ ಐವರ ರಾಜ್ಯಗಳಿಗೆ ಸಮುದ್ರವೇ ಇಲ್ಲ. ಕುಲ್ಲುವಿನಿಂದ ಕಡಲು ಎಷ್ಟು ದೂರ, ಕಲಘಟಗಿಯಿಂದ ಎಷ್ಟು ದೂರ ಎಂದು ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ತೊಡಕು ಇರುವುದು ದೂರದಲ್ಲಲ್ಲ, ಮನೆಯ ಹೊಸ್ತಿಲಲ್ಲಿ. “ಯವ್ವಾ, ನಾ ನೇವಿಗೆ ಹೊಕ್ಕೀನಿ” ಎಂದು ಮಗಳು ಅಂದರೆ, “ಕೆರಿಗೆ ಇಳ್ಯಾಕ ಹೆದರಾಕಿ ನೀ, ಸಮುದ್ರಕ್ಕ ಹೊಕ್ಕಿಯೇನ?” ಎಂಬ ಉತ್ತರ ಸಿದ್ಧ. ಆ ಮಾತಿನ ಹಿಂದಿನ ಅಂಜಿಕೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಕಡಲು ಆಟದ ವಸ್ತುವಲ್ಲ. 2018ರ ಸೆಪ್ಟೆಂಬರಿನಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಡುವೆ ಅಭಿಲಾಷ್ ಟೋಮಿಯವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆಕಂಬ ಮುರಿಯಿತು, ಅವರ ಬೆನ್ನೆಲುಬಿಗೆ ಪೆಟ್ಟಾಯಿತು. ಏಳಲಾಗದೆ ಮೂರು ದಿನ ಮಲಗಿದ್ದವರನ್ನು ಫ್ರೆಂಚ್ ಹಡಗೊಂದು ಬಂದು ಎತ್ತಿಕೊಂಡಿತು. ಅದೇ ಮನುಷ್ಯ 2022ರಲ್ಲಿ ಅದೇ ಸ್ಪರ್ಧೆಗೆ ಮತ್ತೆ ಹೊರಟು, 236 ದಿನಗಳ ಮೇಲೆ ಎರಡನೆಯವರಾಗಿ ದಡ ಸೇರಿದರು. ಹಳೆಯ ಕಾಲದ ವಿದ್ಯೆಯಿಂದಲೇ ದೋಣಿ ನಡೆಸಬೇಕೆಂಬುದು ಆ ಸ್ಪರ್ಧೆಯ ನಿಯಮ. ದಾರಿಗೆ ಸೂರ್ಯ ನಕ್ಷತ್ರಗಳು, ಕುಡಿಯಲು ಹಾಯಿಯಿಂದ ಇಳಿದ ಮಳೆನೀರು. ಮೊದಲ ಸಂಗತಿಯನ್ನಷ್ಟೇ ಹೇಳಿದರೆ ಮಕ್ಕಳು ಹೆದರುತ್ತಾರೆ, ಎರಡನೆಯದನ್ನಷ್ಟೇ ಹೇಳಿದರೆ ಮೈಮರೆಯುತ್ತಾರೆ. ಮನೆಯಲ್ಲಿ ಎರಡನ್ನೂ ಹೇಳಬೇಕು.

ಇನ್ನು ದಾರಿಯ ಮಾತು. ಹಾಯಿದೋಣಿ ನಡೆಸುವುದೇ ಒಂದು ನೌಕರಿಯಲ್ಲ. ತಾರಿಣಿಗೆ ಹೋದವರೆಲ್ಲ ಮೊದಲು ನೌಕಾಪಡೆಯ ಅಧಿಕಾರಿಗಳಾಗಿ, ಆಮೇಲೆ ತಾವಾಗಿ ಮುಂದೆ ಬಂದು, ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು 2022ರಿಂದ ಹುಡುಗಿಯರಿಗೂ ತೆರೆದಿದೆ. ಅಲ್ಲಿಂದ ನೌಕಾಪಡೆಗೆ ಹೋಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಎನ್‌ಸಿಸಿಯ ನೌಕಾ ವಿಭಾಗವಿರುವ ಊರಿನ ಕಾಲೇಜು ಸೇರಿದವರಿಗೆ ಹುಟ್ಟು ಹಾಕುವುದು, ಹಾಯಿ ಬಿಡುವುದು ಅಲ್ಲಿಯೇ ಕಲಿಯಲು ಸಿಗುತ್ತದೆ. ಈಜು ಬಾರದವರಿಗೆ ತರಬೇತಿಯಲ್ಲಿ ಈಜು ಕಲಿಸುತ್ತಾರೆ. ಅದಕ್ಕೂ ಮೊದಲು ಊರಿನಲ್ಲೇ ಹಿರಿಯರ ಕಣ್ಗಾವಲಿನಲ್ಲಿ ಕಲಿತರೆ ಇನ್ನೂ ಒಳ್ಳೆಯದು. ನೌಕಾಪಡೆಗೆ ಹೋಗಲಿ ಬಿಡಲಿ, ಈಜು ಬಲ್ಲ ಮಗುವಿಗೆ ಕೆರೆಕಾಲುವೆಯ ಅಪಾಯ ಕಡಿಮೆಯಾಗುತ್ತದೆ.

ಹಿಂದೆ ಹತ್ತಿಯ ಚಕ್ಕಡಿ ಇಳಿಯುತ್ತಿದ್ದ ಅದೇ ಕಲಘಟಗಿ, ಯಲ್ಲಾಪುರ, ಅರಬೈಲಿನ ದಾರಿಯಲ್ಲಿ ಬಸ್ಸು ಹಿಡಿದರೆ ಅರ್ಧ ದಿನದೊಳಗೆ ಕಾರವಾರ. ಅಲ್ಲಿ 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆಯಿದೆ. 2025ರ ಮೇ 21ರಂದು ಅಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತೆಯ ಚಿತ್ರವೊಂದರಲ್ಲಿ ಕಂಡ ಹಡಗಿನ ಮಾದರಿಯಲ್ಲಿ, ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಡಗು ಅದು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಶಾಲೆಯ ಪುಸ್ತಕದ ಪುಟದಲ್ಲಿ, ಸರಕಾರಿ ಬಸ್ಸಿನ ಮೈಮೇಲೆ ಆ ಹಕ್ಕಿಯನ್ನು ಕಂಡು ಬೆಳೆದ ಎರೆಸೀಮೆಯ ಮಕ್ಕಳು, ಗಾಳಿ ತುಂಬಿದ ಹಾಯಿಯ ಮೇಲೆ ಅದನ್ನು ನೋಡುವುದಷ್ಟೇ ಬಾಕಿ.